ಫೋನು ಕಸವೆಂದು ಗುಡಿಸಿದ ಸದ್ದು

ಕುಲ್ಲೂಗೆ ಬಂದ ಮರುದಿನ ಬೆಳಗ್ಗೆ ನಾನು ಹಾಸಿಗೆಯಲ್ಲಿ ಎದ್ದು ಕೂತು, ಎದುರಿನ ಗುಡ್ಡದ ಹಿಮ ಜಾರಬೇಕು ಹಾಗೆ "ಕರೆಂಟ್ ಹೋತು!" ಎಂದು ಕೂಗಿದೆ. ಅಪ್ಪ ಅರ್ಧ ಗಡ್ಡ ಬೋಳಿಸಿಕೊಂಡು ಓಡಿ ಬಂದ. ಅವ್ವ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದಳು. ಕೆಳಮನೆಯಿಂದ ಮನೆಯೊಡತಿ ಶಾಂತಾ ಚಾಚೀ ಮೆಟ್ಟಿಲು ಹತ್ತಿ ಬಂದರು. ಮೂವರೂ ನನ್ನ ತಲೆಯ ಮೇಲೆ ನೋಡಿದರು. ನಾನೂ ನೋಡಿದೆ. ಬಲ್ಬು ಝಗಝಗ ಉರಿಯುತ್ತಿತ್ತು.

ನಮ್ಮೂರು ಬನಹಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಧೋಳ, ಬೀಳಗಿ ಕಡೆಯವರು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗದ ಶೆಡ್ಡು. ಪಾವರ್‌ಲೂಮು ಖಟಖಟ ಬಡಿದುಕೊಳ್ಳುತ್ತಿದ್ದರೆ ನಾವು ಹಾಯಾಗಿ ಮಲಗುತ್ತೇವೆ. ಸದ್ದು ನಿಂತರೆ ಎಲ್ಲರೂ ದಡಕ್ಕನೆ ಎದ್ದು ಕೂರುತ್ತೇವೆ, ಏಕೆಂದರೆ ಸದ್ದು ನಿಂತಿತು ಅಂದರೆ ಕರೆಂಟು ಹೋಯಿತು ಅಂತಲೇ ಅರ್ಥ. ನಾನು ಹುಟ್ಟಿದಾಗಿನಿಂದ ಹೀಗೇ ಎದ್ದಿದ್ದೇನೆ. ಕುಲ್ಲೂನಲ್ಲಿ ಕಣ್ಣು ಬಿಟ್ಟರೆ ಸುತ್ತ ಒಂದು ಸದ್ದಿಲ್ಲ. ಇಡೀ ಹಿಮಾಚಲ ಪ್ರದೇಶಕ್ಕೇ ಕರೆಂಟು ಹೋಗಿದೆ ಅಂದುಕೊಂಡೆ.

"ಕ್ಯಾ ಹುಆ, ಗುಡಿಯಾ?" ಎಂದರು ಚಾಚೀ. ಗುಡಿಯಾ ಎಂದರೆ ಗೊಂಬೆ. ಇಲ್ಲಿ ಹೆಣ್ಣುಮಕ್ಕಳನ್ನು ಮುದ್ದಿನಿಂದ ಹಾಗೆ ಕರೆಯುತ್ತಾರೆ. ಚಾಚೀ ಎಂದರೆ ಚಿಕ್ಕಮ್ಮ. ಅವ್ವ ಬ್ರಷ್ ತೆಗೆದು, ತನಗೆ ಬರುವ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ಕುಛ್ ನಹೀಂ ರೀ, ಇವಳಿಗೆ ಸಪ್ಪಳ ಇಲ್ಲಂದ್ರ ನೀಂದ್ ನಹೀಂ ಆತಾ" ಎಂದಳು, ನಿದ್ದೆ ಬರುವುದಿಲ್ಲ ಎಂದು. ಚಾಚೀಗೆ ಏನು ತಿಳಿಯಿತೋ, ಆವತ್ತಿನಿಂದ ನಾನು ಕಾಯಿಲೆಯ ಹುಡುಗಿ ಎಂದು ನನಗೆ ಒಂದು ಲೋಟ ಹಾಲು ಹೆಚ್ಚಿಗೆ ಬರತೊಡಗಿತು. ನಾನು ಬೇಡ ಅನ್ನಲಿಲ್ಲ.

ಅಪ್ಪನಿಗೆ ಇಲ್ಲಿನ ಒಂದು ಜಲವಿದ್ಯುತ್ ಯೋಜನೆಯಲ್ಲಿ ಇಲೆಕ್ಟ್ರಿಷಿಯನ್ ಕೆಲಸ ಖಾಯಂ ಆಗಿದ್ದರಿಂದ ನಾವು ಬಂದೆವು. ಕರೆಂಟು ಹೋದರೆ ಏಳುವ ಮನೆಯವರು ಕರೆಂಟು ಹುಟ್ಟುವ ಊರಿಗೆ ಬಂದೆವು ಎಂದು ಅಪ್ಪ ಒಮ್ಮೆ ಹೇಳಿ ತಾನೇ ನಕ್ಕ. ಮನೆ ಮರದ್ದು. ಚಾಚೀಯ ಬೆಕ್ಕು ಕೆಳಗೆ ನಡೆದರೆ ಮೇಲೆ ನಮಗೆ ಗೊತ್ತಾಗುತ್ತದೆ. ಊರಿನಲ್ಲಿ ಮನೆಯೊಳಗೆ ಆನೆ ನಡೆದರೂ ಗೊತ್ತಾಗುತ್ತಿರಲಿಲ್ಲ. ಕೋಣೆಯ ನಡುವೆ ಒಂದು ಕಬ್ಬಿಣದ ಒಲೆ, ಅದರ ಹೊಗೆಕೊಳವೆ ಸೂರು ತೂರಿ ಮೇಲಕ್ಕೆ ಹೋಗಿದೆ. ಅದಕ್ಕೆ ಇಲ್ಲಿ ತಂದೂರ್ ಎನ್ನುತ್ತಾರೆ. ಅದು ಚಳಿ ಕಾಯಿಸಿಕೊಳ್ಳುವ ಒಲೆ. ತಂದೂರ್ ಎಂಬ ಹೆಸರು ಕೇಳಿದ್ದೇ ತಡ, ಅವ್ವ ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿದು, ಒಲೆಯ ಪಕ್ಕೆಗೆ ಹಚ್ಚಿದಳು. ರೊಟ್ಟಿ ಬಿಟ್ಟು ಬರಲಿಲ್ಲ. ಅದರ ಒಂದು ಚೂರು ಇವತ್ತಿಗೂ ಒಲೆಗೆ ಅಂಟಿಕೊಂಡಿದೆ. ಬಂದವರಿಗೆ ನಾನು ಅದು ಕರ್ನಾಟಕದ ನಕ್ಷೆ ಎಂದು ತೋರಿಸುತ್ತೇನೆ.

ತಿನ್ನಲು ಇಲ್ಲಿ ಸಿಡ್ಡು ಎಂಬುದಿದೆ. ಗೋಧಿ ಹಿಟ್ಟು ಹುಳಿ ಬರಿಸಿ, ಒಳಗೆ ಅಕ್ರೋಟಿನ ಹೂರಣ ಇಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಕಡಬಿನ ಶ್ರೀಮಂತ ಬೀಗರು ಅನ್ನಬಹುದು. ತುಪ್ಪ ಸುರಿದು ಕೊಡುತ್ತಾರೆ. ಬಹಳ ರುಚಿ. ಆದರೂ ನಾನು ಅದನ್ನು ಶೇಂಗಾ ಹಿಂಡಿಗೆ ಅದ್ದಿ ತಿಂದೆ, ಚಾಚೀ ಕಣ್ಣು ಮುಚ್ಚಿಕೊಂಡರು.

ಸಾಲೆಯಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: ಬೆಂಗಳೂರಾ? ಅಲ್ಲ ಎಂದೆ. ಹಾಗಾದರೆ ಬೇರೆ ಏನಿದೆ ಎಂಬ ಹಾಗೆ ನೋಡಿದರು. ನಾನು ಬಿಡುವವಳಾ? ಮುಧೋಳದ ನಾಯಿ ಬಸ್ಸು ಬಿಟ್ಟ ಮೇಲೆ ಎದ್ದು, ಮೈ ಮುರಿದು, ನೀರು ಕುಡಿದು ಹೊರಟರೂ ಬಸ್ಸಿಗಿಂತ ಮೊದಲು ಲೋಕಾಪುರ ಮುಟ್ಟುತ್ತದೆ ಎಂದೆ. ನಮ್ಮ ಮನೆಯಲ್ಲಿ ಮೊಸರಿನ ಗಡಿಗೆಯನ್ನು ಮಗ್ಗದ ಗೋಡೆಗೆ ತಾಗಿಸಿ ಇಟ್ಟರೆ ಬೆಳಗಾಗುವುದರೊಳಗೆ ತಾನೇ ಕಡೆದು ಬೆಣ್ಣೆಯಾಗುತ್ತದೆ ಎಂದೆ. ಮಗ್ಗದ ಸದ್ದು ಕೇಳಿಯೇ ಎಲ್ಲಿ ಏನು ಕೆಟ್ಟಿದೆ ಹೇಳಬಲ್ಲೆ ಎಂದೆ. ಮೂರರಲ್ಲಿ ಕೊನೆಯದು ಮಾತ್ರ ಖರೆ. ಊರಲ್ಲಿ ಊಟ ಮಾಡುತ್ತಾ ಕೂತಲ್ಲಿಂದಲೇ, "ಕಾಕಾ, ಬಾಗಿಲ ಕಡೀ ಮಗ್ಗದ್ದು ಕಂಡಿಕಿ ಮುಗೀತು" ಎಂದು ಕೂಗಿದರೆ, ಕಾಕಾ ಹೋಗಿ ನೋಡಿದಾಗ ಲಾಳಿಯೊಳಗಿನ ನೂಲು ಮುಗಿದೇ ಇರುತ್ತಿತ್ತು. ಕಾಕಾ ಎಂದರೆ ಅಪ್ಪನ ತಮ್ಮ. ಮಗ್ಗಗಳು ಈಗ ಅವನ ಕೈಯಲ್ಲಿವೆ.

ಆ ಮಗ್ಗಗಳಲ್ಲಿ ಒಂದು ನನ್ನದು. ಕಾಗದದ ಮೇಲೆ ಅಲ್ಲ, ತಲೆಯ ಕಡೆಯಿಂದ. ನನ್ನ ಹಾಸಿಗೆ ಇದ್ದ ಗೋಡೆಗೆ ಹೊಂದಿಕೊಂಡೇ ಅದು ಆ ಕಡೆ ನಿಂತಿತ್ತು. ಎಲ್ಲರೂ ಅದನ್ನು ಗ್ವಾಡಿ ಮಗ್ಗ ಅನ್ನುತ್ತಿದ್ದರು. ಅದು ಬಡಿದಾಗಲೆಲ್ಲ ಗೋಡೆ ನನ್ನ ತಲೆದಿಂಬನ್ನು ಮೆಲ್ಲಗೆ ತಟ್ಟುತ್ತಿತ್ತು. ಇಲ್ಲಿ ದಿಂಬು ಸುಮ್ಮನೆ ಬಿದ್ದಿರುತ್ತದೆ. ಸತ್ತ ಮೊಲದ ಹಾಗೆ.

ಈಗ ಫೋನಿನ ವಿಷಯ. ನನ್ನ ಫೋನಿಗೆ ಅಪ್ಪ ಹಾಕಿಸಿದ್ದು ಎಲ್ಲಕ್ಕಿಂತ ಕಡಿಮೆಯ ರೀಚಾರ್ಜು. ದಿನಕ್ಕೆ ಇಂತಿಷ್ಟು ಡೇಟಾ ಓಡುತ್ತದೆ, ಆಮೇಲೆ ಕುಂಟುತ್ತದೆ. ಅವ್ವ ಬೆಳಗ್ಗೆ ನನ್ನ ಫೋನಿನಲ್ಲೇ ಕನ್ನಡ ಧಾರಾವಾಹಿ ನೋಡುತ್ತಾ ಅಡುಗೆ ಮಾಡುವುದರಿಂದ, ಧಾರಾವಾಹಿಯ ಸೊಸೆ ಅಳುವುದು ಮುಗಿಯುವಷ್ಟರಲ್ಲಿ ನನ್ನ ಡೇಟಾವೂ ಮುಗಿದಿರುತ್ತದೆ. ಉಳಿದ ದಿನವೆಲ್ಲ ಕುಂಟು ಇಂಟರ್ನೆಟ್ಟು.

"ಇಷ್ಟ ಸಾಕಲ್ಲ ನಿನಗ?" ಎಂದ ಅಪ್ಪ. "ಮೆಸೇಜ್ ಹೊಕ್ಕಾವು, ಫೋನ್ ಹತ್ತತೈತಿ. ಇನ್ನೇನ್ ಬೇಕು?"

ನ್ಯಾಯವಾಗಿ ಹೇಳಬೇಕೆಂದರೆ ಬಹಳಷ್ಟು ನಡೆಯುತ್ತದೆ. ಮೆಸೇಜು ಠಕ್ಕನೆ ಹೋಗುತ್ತದೆ. ಇಂಟರ್ನೆಟ್ಟಿನಲ್ಲಿ ಮಾತಾಡುವ ಕಾಲ್ ಸ್ವಲ್ಪ ಎಡವಿ ಎಡವಿಯಾದರೂ ನಡೆಯುತ್ತದೆ. ಅಂಗಡಿಯಲ್ಲಿ ದುಡ್ಡು ಕಳಿಸಿದರೆ ಚಕ್ರ ತಿರುಗಿ ತಿರುಗಿ ಕೊನೆಗೆ ಹೋಗುತ್ತದೆ. ಅಷ್ಟರಲ್ಲಿ ಅಂಗಡಿಯವನ ಜೊತೆ ಸ್ನೇಹವಾಗಿರುತ್ತದೆ. ನನ್ನ ಹಿಂದಿ ಸುಧಾರಿಸಿದ್ದೇ ಹೀಗೆ. ಫೋಟೋ ಮಾತ್ರ ಅಂಗಡಿಯ ಶಟರ್ ತೆರೆದ ಹಾಗೆ ಮೇಲಿನಿಂದ ಒಂದೊಂದೇ ಗೆರೆ ಬರುತ್ತದೆ. ಒಮ್ಮೆ ಕಾಕಾನ ಮಗಳು ರೇಣಿ ತನ್ನ ಹೊಸ ಡ್ರೆಸ್ಸಿನ ಫೋಟೋ ಕಳಿಸಿದಳು. ಹಣೆ ಬಂತು, ಕಣ್ಣು ಬಂತು, ಮೂಗಿನ ಹತ್ತಿರ ನಿಂತಿತು. ಡ್ರೆಸ್ಸು ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ ಎಂದು ಬರೆದೆ. ವೀಡಿಯೋ ಕಾಲ್ ಅಂತೂ ಕೇಳಲೇ ಬೇಡಿ. ರೇಣಿಯ ಬಾಯಿ ತೆರೆದಲ್ಲೇ ತೆರೆದಿರುತ್ತದೆ. ನಿಜಕ್ಕೂ ಅವಳು ಹಾಗೇ, ಆದರೆ ಫೋನು ಅದನ್ನು ಸಾಬೀತು ಮಾಡುತ್ತದೆ.

ಒಂದು ದಿನ ರೇಣಿ, ನಿಮ್ಮೂರಿನ ಹೊಳಿ ಸದ್ದು ಕೇಳಿಸು ಎಂದಳು. ಬಿಯಾಸ್ ನದಿ ನಮ್ಮ ಕೃಷ್ಣೆಯ ಹಾಗೆ ಸಮಾಧಾನದಿಂದ ಹೋಗುವುದಿಲ್ಲ. ಬಂಡೆಗಳ ಜೊತೆ ಜಗಳವಾಡಿಕೊಂಡು ಹೋಗುತ್ತದೆ. ನಾನು ಇಳಿದು ದಂಡೆಗೆ ಹೋಗಿ, ಕಾಲ್ ಹಚ್ಚಿ, ಫೋನನ್ನು ನೀರಿನ ಕಡೆ ಹಿಡಿದೆ.

"ಕೇಳಾಕತ್ತೈತೇನ ಬೇ?"

"ಏನ?"

"ಹೊಳಿ!"

"ಎಲ್ಲೈತಿ ಹೊಳಿ? ನಿನ್ನ ದನಿ ಅಷ್ಟ ಬರಾಕತ್ತೈತಿ. ಬಚ್ಚಲದಾಗ ನಿಂತೀ ಏನ?"

"ನನ್ನ ಮುಂದ ಸಿಂಹ ಗುರಗುಟ್ಟಿದಂಗ ಹರಿಯಾಕತ್ತೈತಿ!"

"ಹೂಂ. ನಿನ್ನ ಮುಧೋಳ ನಾಯಿ ಅದರ ಬೆನ್ನ ಮ್ಯಾಲ ಕುಂತಿರಬೇಕು. ಸುಳ್ಳು ಹೇಳೂದ ಬಿಡು ಭಾಗಿ, ಊರು ಬಿಟ್ರೂ ಚಾಳಿ ಬಿಡವಲ್ಲಿ."

ಜೀವನದಲ್ಲಿ ಮೊದಲ ಸಲ ನಿಜ ಹೇಳಿ ನಾನು ಸುಳ್ಳಿಯಾದೆ. ತಪ್ಪೆಲ್ಲ ಕುಂಟು ಇಂಟರ್ನೆಟ್ಟಿನದು ಎಂದುಕೊಂಡೆ.

ಕೆಲವು ವಾರಗಳ ಮೇಲೆ ರೇಣಿಯಿಂದಲೇ ಸುದ್ದಿ ಬಂತು: ಗ್ವಾಡಿ ಮಗ್ಗ ಹೋಗುತ್ತಿದೆ. ನೂಲಿನ ಎಳೆಗಳು ಒಂದೇ ಸಮ ಹರಿದುಹೋಗುತ್ತಿವೆಯಂತೆ. ನೂಲು ಬದಲಿಸಿದರು, ಮಿಸ್ತ್ರಿಯನ್ನು ಕರೆಸಿದರು, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು, ಬಗೆಹರಿಯಲಿಲ್ಲ. ಸೋಮವಾರ ಗುಜರಿಯವನು ಬಂದು ಒಯ್ಯುತ್ತಾನೆ. ನಾನು ತಕ್ಷಣ ಕಾಕಾಗೆ ಫೋನು ಹಚ್ಚಿದೆ.

"ಕಾಕಾ, ಮಗ್ಗ ಮಾರಬ್ಯಾಡ್ರಿ. ನಾ ಇಲ್ಲಿಂದ ಕೇಳಿ ಏನಾಗೇತಿ ಹೇಳ್ತೇನಿ."

"ಯವ್ವಾ, ಇಲ್ಲೆ ನಿಂತ ನಮಗ ತಿಳಿವಲ್ದು. ನಿನಗ ಹಿಮಾಲಯದಾಗ ಕುಂತ ತಿಳೀತೈತೇನ?"

"ನನ್ನ ಕಿವಿ ನಿಮಗ ಗೊತ್ತೈತಲ್ರಿ."

"ಆತು, ಕೇಳು" ಎಂದು ಕಾಕಾ ಫೋನನ್ನು ಮಗ್ಗದ ಹತ್ತಿರ ಒಯ್ದ. ನಾನು ಕಣ್ಣು ಮುಚ್ಚಿ ಕಾದೆ. ಏನೂ ಇಲ್ಲ.

"ಚಾಲೂ ಮಾಡ್ರಿ ಕಾಕಾ."

"ಚಾಲೂನ ಐತಿ!"

"ಇಲ್ರೀ, ಒಂದ ಸಪ್ಪಳ ಬರವಲ್ದು."

"ಚಾಲೂ ಐತಿ ಅಂತ ಒದರಾಕತ್ತೇನಲ್ಲ! ಎಲ್ಲಾ ಮಗ್ಗ ಚಾಲೂ ಅದಾವು! ನನ್ನ ಕಿವಿ ಕಿತ್ತು ಹೊಂಟಾವು!"

ಕಾಕಾನ ದನಿ ಮಾತ್ರ, ಖಾಲಿ ಗುಡಿಯಲ್ಲಿ ನಿಂತು ಮಾತಾಡಿದ ಹಾಗೆ, ಸ್ವಚ್ಛವಾಗಿ ಬರುತ್ತಿತ್ತು. ಹಿಂದೆ ನಮ್ಮ ಶೆಡ್ಡಿಲ್ಲ, ಓಣಿಯಿಲ್ಲ, ಬನಹಟ್ಟಿಯೇ ಇಲ್ಲ. ನನಗೆ ಅಳು ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಿದೆ. ಹಿಂದಿನಿಂದ ರೇಣಿಯ ದನಿ ಬಂತು: "ಅಪ್ಪಾ, ಆಕಿಗೆ ಚಳೀಗೆ ಕಿವಿ ಹೆಪ್ಪುಗಟ್ಯಾವು, ಬಿಡು."

ಮರುದಿನ ರೀಚಾರ್ಜ್ ಅಂಗಡಿಗೆ ಹೋಗಿ ಜಗಳ ತೆಗೆದೆ. ನಿಮ್ಮ ಕುಂಟು ಇಂಟರ್ನೆಟ್ಟು ನಮ್ಮ ಮಗ್ಗದ ಸದ್ದು ತಿಂದಿದೆ ಎಂದೆ. ಅಂಗಡಿಯ ಅಣ್ಣ ನಿಧಾನಕ್ಕೆ ಕೇಳಿಸಿಕೊಂಡು ನಕ್ಕ. ಸ್ಪೀಡಿನ ತಪ್ಪಲ್ಲ ಎಂದ. ಕಾಲ್ ಮಾಡುವಾಗ ಫೋನು ಮನುಷ್ಯರ ದನಿಯನ್ನು ಇಟ್ಟುಕೊಂಡು, ಹಿಂದೆ ಒಂದೇ ಸಮ ಬರುವ ಸದ್ದನ್ನು ಕಸ ಎಂದು ಗುಡಿಸಿ ಹಾಕುತ್ತದಂತೆ. ನದಿ, ಫ್ಯಾನು, ಮಷಿನು, ಎಲ್ಲ ಅದಕ್ಕೆ ಕಸ. ಎಲ್ಲ ಸ್ಪೀಡಿನಲ್ಲೂ ಹೀಗೇ, ಇದು ಒಳ್ಳೆಯದಕ್ಕೇ ಮಾಡಿದ್ದು ಎಂದ.

ಒಳ್ಳೆಯದಕ್ಕೆ! ನಾನು ಯಾವುದಕ್ಕಾಗಿ ಹಂಬಲಿಸುತ್ತಿದ್ದೆನೋ ಅದನ್ನೇ ಆರಿಸಿ ಆರಿಸಿ ಹೊರಗೆ ಹಾಕುವ ಯಂತ್ರವನ್ನು ನಾನೇ ಜೇಬಿನಲ್ಲಿ ಇಟ್ಟುಕೊಂಡು, ರಾತ್ರಿ ಚಾರ್ಜಿಗೂ ಹಾಕುತ್ತಿದ್ದೆ.

ಕಾಲ್ ಮಾಡಬೇಡ, ರೆಕಾರ್ಡ್ ಮಾಡಿ ಫೈಲು ಕಳಿಸಲು ಹೇಳು, ಅದರಲ್ಲಿ ಎಲ್ಲ ಕಸವೂ ಬರುತ್ತದೆ ಎಂದ ಅಣ್ಣ. ರೇಣಿಗೆ ಬರೆದೆ. ಸ್ವಲ್ಪ ಸಾಕಾಗುವುದಿಲ್ಲ, ಉದ್ದ ಮಾಡು ಎಂದೆ. ಅವಳು ನನ್ನ ಮೇಲಿನ ಸಿಟ್ಟಿಗೆ ಫೋನನ್ನು ಗ್ವಾಡಿ ಮಗ್ಗದ ಪಕ್ಕದ ಕಿಟಕಿಯಲ್ಲಿಟ್ಟು ಹೋಗಿಬಿಟ್ಟಳು. ಕರೆಂಟು ಹೋಗಿ ಮಗ್ಗಗಳು ನಿಲ್ಲುವ ತನಕ ಅದು ರೆಕಾರ್ಡ್ ಆಯಿತು. ಅಷ್ಟು ದೊಡ್ಡ ಫೈಲನ್ನು ಹಾಗೇ ಕಳಿಸಿಬಿಟ್ಟಳು.

ಶನಿವಾರ ಸಾಲೆ ಬಿಟ್ಟು ಬಂದಾಗ ನನ್ನ ಡೇಟಾ ಮುಗಿದಿತ್ತು. ಫೈಲಿನ ಮೇಲೆ ಚಕ್ರ ತಿರುಗತೊಡಗಿತು. ಬಸವನಹುಳು ಅದನ್ನು ನೋಡಿದ್ದರೆ ನಾಚಿಕೆ ಬಿಟ್ಟು ನಡೆಯುತ್ತಿತ್ತು. ಬೇರೆ ಏನು ಒತ್ತಿದರೂ ನಿಂತುಬಿಡುತ್ತದೆ ಎಂಬ ಹೆದರಿಕೆಗೆ, ಫೋನನ್ನು ಮೊಟ್ಟೆಯ ಹಾಗೆ ಹಿಡಿದುಕೊಂಡು ಕೆಳಗೆ ಚಾಚೀಯ ಹತ್ತಿರ ಹೋಗಿ ಕೂತೆ, ಏಕೆಂದರೆ ಅವರ ಕಿಟಕಿಯಲ್ಲಿ ಸಿಗ್ನಲ್ಲು ಒಂದು ಕಡ್ಡಿ ಹೆಚ್ಚು.

ಚಾಚೀ ಖಡ್ಡಿಯ ಮುಂದೆ ಕೂತಿದ್ದರು. ಖಡ್ಡಿ ಎಂದರೆ ಇಲ್ಲಿನ ಕೈಮಗ್ಗ. ಶಾಲು ನೇಯುತ್ತಾರೆ. ಅದಕ್ಕೆ ಕರೆಂಟು ಬೇಡ. ಬಂದ ಹೊಸತರಲ್ಲಿ ನಾನು ಅದನ್ನು ನೋಡಿ ಇದೆಂಥ ಮಗ್ಗ, ಕೆಮ್ಮಿದಷ್ಟೂ ಸದ್ದಿಲ್ಲ ಎಂದು ರೇಣಿಗೆ ಆಡಿಕೊಂಡು ಬರೆದಿದ್ದೆ. ಆವತ್ತು ಬೇರೆ ಕೆಲಸವಿಲ್ಲದೆ ಕೇಳುತ್ತಾ ಕೂತೆ. ಠಕ್, ಮೌನ. ಠಕ್, ಮೌನ. ಗಡಿಯಾರವೂ ಅಷ್ಟು ಸಮವಾಗಿ ಹೊಡೆಯಲಿಕ್ಕಿಲ್ಲ. ಚಾಚೀ ಮಾತಾಡುವಾಗಲೂ, ಬೆಕ್ಕನ್ನು ಬೈಯುವಾಗಲೂ ಅದು ಸಮ. ಕೂತು ಕೂತು ನನ್ನ ಕಾಲಿನ ಹೆಬ್ಬೆರಳು ಅದರ ತಾಳಕ್ಕೆ ಆಡತೊಡಗಿತ್ತು. ಬೆಳಕು ಇಳಿಯುವ ಹೊತ್ತಿಗೆ ಫೈಲು ಬಂತು.

ಇಯರ್‌ಫೋನು ಹಾಕಿ ಒತ್ತಿದೆ. ಬನಹಟ್ಟಿ ಬಂತು.

ಒಮ್ಮೆಗೇ ಎಲ್ಲ ಬಂತು. ಮಗ್ಗಗಳು, ಅಜ್ಜಿಯ ಸೀನು, ಕಾಯಿಪಲ್ಲೆಯವಳ ಕೂಗು, ಕಾಕಾ ಯಾರಿಗೋ "ಲೇ, ಗಾಡಿ ಅಡ್ಡ ಹಚ್ಚಬ್ಯಾಡ" ಎಂದದ್ದು. ಎಲ್ಲದರ ಮುಂದೆ ಗ್ವಾಡಿ ಮಗ್ಗ. ಖಟ್-ಖಟಾ, ಖಟ್-ಖಟಾ. ನನ್ನ ಬೆನ್ನು ತಾನೇ ಗೋಡೆ ಹುಡುಕಿ ಒರಗಿತು. ಇದಕ್ಕೆ ಏನೂ ಆಗಿಲ್ಲ, ಅಂದಿನ ಹಾಗೇ ಇದೆ, ಸುಮ್ಮನೆ ಮಾರುತ್ತಿದ್ದಾರೆ ಎಂದುಕೊಂಡೆ. ಹಾಗೆಂದು ಬರೆಯಲು ಕೀಲಿ ಒತ್ತುತ್ತಿದ್ದಾಗ ನನ್ನ ಕಾಲಿನ ಹೆಬ್ಬೆರಳು ಎಡವಿತು.

ಅದು ಇನ್ನೂ ಖಡ್ಡಿಯ ತಾಳಕ್ಕೆ ಆಡುತ್ತಿತ್ತು. ಗ್ವಾಡಿ ಮಗ್ಗ ಅದಕ್ಕೆ ಹೊಂದುತ್ತಿರಲಿಲ್ಲ. ಮತ್ತೆ ಕೇಳಿದೆ. ಬಲಗಡೆಯ ಹೊಡೆತ ಸರಿಯಾಗಿ ಬೀಳುತ್ತಿತ್ತು. ಎಡಗಡೆಯದು ಒಂದು ಕೂದಲೆಳೆ ತಡವಾಗಿ, ಕಾಲು ಎಳೆದುಕೊಂಡು ಬರುತ್ತಿತ್ತು. ಲಾಳಿಯನ್ನು ಎಡದಿಂದ ತಳ್ಳುವ ಪಟ್ಟಾ ಸಡಿಲವಾಗಿದ್ದರೆ ಹೀಗಾಗುತ್ತದೆ. ಲಾಳಿ ತಡವಾಗಿ ಹೊರಟು ನಡುವೆ ಸಿಕ್ಕಿಕೊಳ್ಳುತ್ತದೆ, ಎಳೆ ಹರಿಯುತ್ತವೆ. ಬೇರೆ ಯಾವ ಮಗ್ಗವಾಗಿದ್ದರೂ ಊಟಕ್ಕೆ ಕೂತಲ್ಲಿಂದ ಕೂಗಿ ಹೇಳುತ್ತಿದ್ದೆ. ಆದರೆ ಗ್ವಾಡಿ ಮಗ್ಗ ನಾನು ತೊಟ್ಟಿಲಲ್ಲಿದ್ದಾಗಿನಿಂದ ಸ್ವಲ್ಪ ಕುಂಟುತ್ತಲೇ ಇತ್ತು. ಅದೀಗ ಇನ್ನಷ್ಟು ಹೆಚ್ಚಾಗಿದೆ, ಅಷ್ಟೆ. ಕಾಕಾಗೂ ಮಿಸ್ತ್ರಿಗೂ ಅದರ ದನಿಯೇ ಹಾಗೆ. ನನಗಂತೂ ಆ ಕುಂಟೇ ಜೋಗುಳ.

ಚಾಚೀ ಖಡ್ಡಿ ನಿಲ್ಲಿಸಿ ನನ್ನ ಮುಖ ನೋಡಿದರು. "ರೋ ರಹೀ ಹೈ?" ಅಳುತ್ತಿದ್ದೀಯಾ ಎಂದು. ಇಲ್ಲ, ಡೇಟಾ ಮುಗಿಯಿತು ಎಂದೆ.

ಹೇಳದಿದ್ದರೆ ಸೋಮವಾರ ಮಗ್ಗ ಹೋಗುತ್ತದೆ. ಹೇಳಿದರೆ ಮಗ್ಗ ಉಳಿಯುತ್ತದೆ, ಆದರೆ ನಾನು ಹಂಬಲಿಸುವ ಸದ್ದು ಹೋಗುತ್ತದೆ; ಮುಂದಿನ ರಜೆಗೆ ಹೋಗಿ ಆ ಗೋಡೆಗೆ ತಲೆಯಿಟ್ಟರೆ ಬೇರೆ ಯಾರದೋ ಮಗ್ಗ ನನ್ನ ದಿಂಬು ತಟ್ಟುತ್ತಿರುತ್ತದೆ. ಆ ಕುಂಟನ್ನು ಇನ್ನೊಮ್ಮೆ ಕೇಳಿದೆ. ಆಮೇಲೆ ಕಾಕಾಗೆ ಬರೆದೆ: "ಎಡಗಡಿ ಪಟ್ಟಾ ನೋಡ್ರಿ."

ಕುಂಟು ಇಂಟರ್ನೆಟ್ಟಿನಲ್ಲೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಆ ಸದ್ದು ಬರಲು ಮಧ್ಯಾಹ್ನವಿಡೀ ಬೇಕಾಯಿತು. ಅದನ್ನು ಇಲ್ಲವಾಗಿಸಲು ಮೂರು ಪದ ಸಾಕಾದವು.

ಭಾನುವಾರ ಬೆಳಗ್ಗೆ ಕಾಕಾನ ಫೋನು. "ಭಾಗಿ! ಪಟ್ಟಾ ಬದ್ಲಿ ಮಾಡಿದ್ವಿ. ಒಂದ ಎಳಿ ಹರದಿಲ್ಲ ನೋಡು ಮುಂಜಾನಿಂದ! ಗುಜರಿಯವಗ ಬರಬ್ಯಾಡ ಅಂತ ಹೇಳೇನಿ. ಏನ ಕಿವಿ ಯವ್ವಾ ನಿನ್ನದು!"

"ನಾ ಹೇಳಿದ್ನಲ್ರಿ" ಎಂದೆ. ಇಂಥ ಹೊತ್ತಿನಲ್ಲಿ ಜಂಬ ಬಹಳ ಉಪಯೋಗಕ್ಕೆ ಬರುತ್ತದೆ. ಗಂಟಲನ್ನು ನೇರ ನಿಲ್ಲಿಸುತ್ತದೆ. ಹಿಂದೆ ಗ್ವಾಡಿ ಮಗ್ಗ ತನ್ನ ಹೊಸ ದನಿಯಲ್ಲಿ ಬಡಿಯುತ್ತಿದ್ದಿರಬೇಕು. ಫೋನು ಅದನ್ನು ಗುಡಿಸಿ ಹಾಕಿತ್ತು. ಮೊದಲ ಸಲ ಅದಕ್ಕೆ ಮನಸ್ಸಿನಲ್ಲೇ ಉಪಕಾರ ಹೇಳಿದೆ.

ರೇಣಿ ಫೋನು ಕಸಿದುಕೊಂಡಳು. "ಆತು ಬೇ, ಇನ್ ಮ್ಯಾಲ ನಿನ್ನ ಮಾತು ನಂಬತೇನಿ. ನಾಯೀದ ಬಿಟ್ಟು."

ಅವಳಿಗೆ ಬಿಯಾಸ್ ನದಿಯನ್ನು ರೆಕಾರ್ಡ್ ಮಾಡಿ ಕಳಿಸಿದೆ. ಸಣ್ಣದೇ ಮಾಡಿದ್ದೆ. ಕೇಳಿ ಅವಳು ಬರೆದಳು: ಖರೇನ ಹೊಳಿ ಐತಿ, ನಮ್ಮ ಶೆಡ್ಡಿನಂಗ ಕೇಳತೈತಿ.

ಆವತ್ತು ಮಧ್ಯಾಹ್ನ ಆಕಾಶ ಬೂದಿಬಣ್ಣಕ್ಕೆ ತಿರುಗಿ ಹಿಮ ಬೀಳಲು ಶುರುವಾಯಿತು. ಬನಹಟ್ಟಿಯಲ್ಲಿ ಇದನ್ನು ಹೇಳಿದರೆ ಹತ್ತಿ ಹಿಂಜಿ ಹಾರಿಸಿದ ಹಾಗೆ ಎನ್ನುತ್ತಾರೆ, ಸರಿಯಾಗಿ ಹಾಗೇ. ತಂದೂರಿನ ಪಕ್ಕ ಹಾಸಿಗೆ ಎಳೆದುಕೊಂಡು, ರೇಣಿಯ ಹಳೆಯ ರೆಕಾರ್ಡಿಂಗ್ ಹಚ್ಚಿ, ಫೋನನ್ನು ದಿಂಬಿನ ಕೆಳಗಿಟ್ಟು ಮಲಗಿದೆ. ಖಟ್-ಖಟಾ. ದಿಂಬು ಮೆಲ್ಲಗೆ ನಡುಗಿತು. ಇದಕ್ಕೆ ಡೇಟಾ ಬೇಡ, ಸ್ಪೀಡು ಬೇಡ. ಅಪ್ಪ ಕೇಳಿದ "ಸಾಕಲ್ಲ?" ಎಂಬುದಕ್ಕೆ ಉತ್ತರ ಹುಡುಕುತ್ತಾ, ಕುಲ್ಲೂಗೆ ಬಂದ ಮೇಲೆ ಮೊದಲ ಸಲ ಸರಿಯಾಗಿ ನಿದ್ದೆಹೋದೆ.

ಎಷ್ಟು ಹೊತ್ತಾಯಿತೋ. ಒಮ್ಮೆಗೇ ಮಗ್ಗಗಳೆಲ್ಲ ನಿಧಾನವಾದವು. ಗ್ವಾಡಿ ಮಗ್ಗ ಕೊನೆಯ ಸಲ ಎಡಗಾಲು ಎಳೆದು ನಿಂತಿತು. ಸದ್ದಿಲ್ಲ. ನಾನು ದಡಕ್ಕನೆ ಎದ್ದು ಕೂತು, ರೂಢಿಯ ಹಾಗೆ ಕೂಗಿದೆ: "ಕರೆಂಟ್ ಹೋತು!"

ತಲೆ ಎತ್ತಿ ನೋಡಿದೆ. ಬಲ್ಬು ಆರಿತ್ತು. ಕೋಣೆ ಮಬ್ಬಾಗಿತ್ತು. ಅವ್ವ ಮೇಣದಬತ್ತಿಯ ಮುಂದೆ ಕೂತು ಕಾಯಿಪಲ್ಲೆ ಹೆಚ್ಚುತ್ತಿದ್ದಳು.

"ಹೋಗಿ ಬಾಳ ಹೊತ್ತಾತು. ಈಗ ಎಚ್ಚರ ಆತೇನ ನಿನಗ?" ಎಂದಳು. ಆಮೇಲೆ ದಿಂಬಿನ ಕೆಳಗಿನ ಫೋನು ಕಂಡು, ಕೈ ನಿಲ್ಲಿಸಿ, ಮೆಲ್ಲಗೆ ಕೇಳಿದಳು: "ಯಾ ಊರಿಂದು ಹೋತ ಅಂದಿ?"

ಕೆಳಗೆ ಚಾಚೀಯ ಖಡ್ಡಿ ನಿಂತಿರಲಿಲ್ಲ. ಠಕ್, ಮೌನ. ಠಕ್, ಮೌನ. ನನ್ನ ಕಾಲಿನ ಹೆಬ್ಬೆರಳು, ನನ್ನನ್ನು ಕೇಳದೆಯೇ, ಅದಕ್ಕೆ ತಾಳ ಹಾಕುತ್ತಿತ್ತು.